ಅತಿಮಾನವರಿಗೆ ಸೋಲುವ ಹಕ್ಕಿಲ್ಲವೆ?

2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗಾಗಿ ಬ್ರಿಟನ್ನಿನ ಚಾನೆಲ್ 4 ಟಿವಿ ವಾಹಿನಿ ಒಂದು ಜಾಹೀರಾತು ಚಿತ್ರ ಮಾಡಿತು. ಹೆಸರು ‘ಮೀಟ್ ದ ಸೂಪರ್‌ಹ್ಯೂಮನ್ಸ್’, ಅಂದರೆ ಅತಿಮಾನವರನ್ನು ಭೇಟಿಯಾಗಿ ಎಂದು. ಚಿತ್ರವೇನೋ ಚೆನ್ನಾಗಿತ್ತು. ‘ಅಯ್ಯೋ ಪಾಪ’ ಎನ್ನಿಸುವ ಸಂಗೀತವಿಲ್ಲ. ಅಬ್ಬರದ ರ‍್ಯಾಪ್, ಬೆವರು, ವೇಗ. ಅಂಗವಿಕಲರನ್ನು ಕನಿಕರದಿಂದಷ್ಟೇ ನೋಡುವವರಿಗೆ ಇಂಥದ್ದೊಂದು ಏಟು ಬೇಕಿತ್ತು. ಆದರೆ ಆ ಪದ?

ಗಾಲಿಕುರ್ಚಿ ಓಟಗಾರ ಡೇವಿಡ್ ವಿಯರ್ ಅವರ ಬದುಕನ್ನು ಆ ಪದದ ಪಕ್ಕದಲ್ಲಿಟ್ಟು ನೋಡೋಣ. ದಕ್ಷಿಣ ಲಂಡನ್ನಿನ ಸರ್ಕಾರಿ ವಸತಿ ಬಡಾವಣೆಯಲ್ಲಿ ಬೆಳೆದ ವಿಯರ್‌ಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲ. ಹದಿನೇಳರ ಹರೆಯದಲ್ಲಿ 1996ರ ಅಟ್ಲಾಂಟಾ ಕೂಟಕ್ಕೆ ಹೋದವರು ಅಲ್ಲಿನ ಅನಾದರ ಕಂಡು ಬೇಸತ್ತು ಕ್ರೀಡೆಯನ್ನೇ ಬಿಟ್ಟರು. 2000ದ ಸಿಡ್ನಿ ಕೂಟವನ್ನು ಟಿವಿಯಲ್ಲಿ ನೋಡಿದ ಮೇಲೆ ಮರಳಿದರು. 2012ರಲ್ಲಿ ತವರಿನ ಜನರೆದುರು 800, 1500, 5000 ಮೀಟರ್ ಹಾಗೂ ಮ್ಯಾರಥಾನ್, ನಾಲ್ಕರಲ್ಲೂ ಚಿನ್ನ. ಜಾಹೀರಾತು ಹೇಳಿದ್ದು ನಿಜವೇ ಅನ್ನಿಸುವಂತಿತ್ತು.

ಆಗಲೇ ಇನ್ನೊಂದೂ ನಡೆಯುತ್ತಿತ್ತು. ಭತ್ಯೆ ಪಡೆಯುವ ಅಂಗವಿಕಲರು ದುಡಿಯಬಲ್ಲರೇ ಎಂದು ಸರ್ಕಾರದ ಪರವಾಗಿ ತಪಾಸಣೆ ಮಾಡುತ್ತಿದ್ದ ಅಟೋಸ್ ಕಂಪೆನಿ ಪ್ಯಾರಾಲಿಂಪಿಕ್ಸ್‌ನ ಪ್ರಾಯೋಜಕರಲ್ಲಿ ಒಂದಾಗಿತ್ತು. ಕೂಟದ ದಿನಗಳಲ್ಲೇ ಅಂಗವಿಕಲರು ಅದರ ವಿರುದ್ಧ ಬೀದಿಗಿಳಿದರು. ಅತಿಮಾನವರಿಗೆ ಭತ್ಯೆ ಏಕೆ, ಅಲ್ಲವೇ? ನಮ್ಮಲ್ಲೂ 2015ರ ನಂತರ ‘ದಿವ್ಯಾಂಗ’ ಎಂಬ ಪದ ಸರ್ಕಾರಿ ಕಡತಗಳಿಗೆ ಬಂತು. ದಿವ್ಯತ್ವ ಕೊಟ್ಟ ಮೇಲೆ ಕಚೇರಿಗೆ ರ‍್ಯಾಂಪ್ ಕಟ್ಟಿಸಬೇಕಿಲ್ಲವೇನೋ.

2016ರ ರಿಯೊ ಕೂಟದಲ್ಲಿ ಚಾನೆಲ್ 4ರ ಘೋಷಣೆ ‘ನಾವು ಅತಿಮಾನವರು’ ಎಂದಾಯಿತು. ಅಲ್ಲಿ ವಿಯರ್‌ಗೆ ಒಂದು ಪದಕವೂ ದಕ್ಕಲಿಲ್ಲ. ಮ್ಯಾರಥಾನ್‌ನಲ್ಲಿ ಅಪಘಾತವಾಗಿ ಓಟ ಅರ್ಧಕ್ಕೇ ನಿಂತಿತು. 2017ರಲ್ಲಿ ಅವರು ಇನ್ನು ಬ್ರಿಟನ್ ಪರ ಸ್ಪರ್ಧಿಸುವುದಿಲ್ಲ ಎಂದರು, ಖಿನ್ನತೆಯಿಂದ ಬಳಲಿದ್ದನ್ನೂ ಬಹಿರಂಗವಾಗಿ ಹೇಳಿಕೊಂಡರು. ಆ ಜಾಹೀರಾತಿನಲ್ಲಿ ಇಂಥ ಮನುಷ್ಯನಿಗೆ ಜಾಗವೆಲ್ಲಿತ್ತು? ಹಾಗೆಂದು ವಿಯರ್ ಮುಗಿದೇಹೋಗಿರಲಿಲ್ಲ. ಅದೇ ವರ್ಷ ಲಂಡನ್ ಮ್ಯಾರಥಾನನ್ನು ಏಳನೇ ಬಾರಿ, ಮರುವರ್ಷ ಎಂಟನೇ ಬಾರಿ ಗೆದ್ದರು.

ವಾಹಿನಿಗೂ ತಡವಾಗಿ ಅರಿವಾದಂತಿದೆ. 2021ರಲ್ಲಿ ನಡೆದ ಟೋಕಿಯೊ ಕೂಟದ ಜಾಹೀರಾತಿನಲ್ಲಿ ಆ ಪದವನ್ನೇ ಒಡೆದು ‘ಸೂಪರ್. ಹ್ಯೂಮನ್.’ ಎಂದು ನಡುವೆ ಪೂರ್ಣವಿರಾಮ ಹಾಕಲಾಯಿತು. ಗಾಲಿಕುರ್ಚಿ ಒಳಹೋಗಲಾಗದ ಕೆಫೆ ಕೂಡ ಅದರಲ್ಲಿ ಕಾಣಿಸಿತು. ಮನಸ್ಸು ಬದಲಿಸಿ ಮತ್ತೆ ಬ್ರಿಟನ್ ತಂಡ ಸೇರಿದ ವಿಯರ್ ಟೋಕಿಯೊಗೆ ಹೋದರು, 2024ರಲ್ಲಿ ಪ್ಯಾರಿಸ್‌ಗೂ ಹೋದರು. ಎರಡು ಕಡೆಯೂ ಪದಕ ಬರಲಿಲ್ಲ.