ನಿಯಮಗಿರಿ ತೀರ್ಪು: ದೈವದ ಮಾತು, ನೀರಿನ ಲೆಕ್ಕ

ಒಡಿಶಾದ ರಾಯಗಡ ಮತ್ತು ಕಾಲಾಹಂಡಿ ಜಿಲ್ಲೆಗಳಲ್ಲಿ ಹಬ್ಬಿರುವ ನಿಯಮಗಿರಿ ಬೆಟ್ಟಸಾಲು ಡೊಂಗರಿಯಾ ಕೊಂಧ ಆದಿವಾಸಿಗಳ ನೆಲೆ. ಅವರ ದೈವ ನಿಯಮ ರಾಜನ ವಾಸ ಬೆಟ್ಟದ ನೆತ್ತಿಯಲ್ಲಿ ಎಂಬುದು ಅವರ ನಂಬಿಕೆ. ಬಾಕ್ಸೈಟ್ ಅದಿರು ಸಿಗುವುದೂ ಅಂಥ ನೆತ್ತಿಗಳಲ್ಲೇ. ಬುಡದ ಲಾಂಜಿಗಢದಲ್ಲಿ ವೇದಾಂತ ಕಂಪನಿ ಕಟ್ಟಿದ ಅಲ್ಯೂಮಿನಾ ಕಾರ್ಖಾನೆಗೆ ಆ ಅದಿರು ಬೇಕಿತ್ತು. 2010ರ ಆಗಸ್ಟ್‌ನಲ್ಲಿ ಗಣಿ ಯೋಜನೆಯನ್ನು ಪರಿಶೀಲಿಸಿದ ಸಕ್ಸೇನಾ ಸಮಿತಿಯ ವರದಿ ಬಂದ ಬಳಿಕ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. ಅದನ್ನು ಒಡಿಶಾ ಗಣಿ ನಿಗಮ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿತು.

2013ರ ಏಪ್ರಿಲ್ 18ರ ತೀರ್ಪು ಗಣಿಗೆ ಒಪ್ಪಿಗೆಯನ್ನೂ ಕೊಡಲಿಲ್ಲ, ನಿಷೇಧವನ್ನೂ ಹೇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಮತ್ತು ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯದ ವಿಧಿಗಳ ಆಧಾರದಲ್ಲಿ, ಗಣಿಯಿಂದ ಆರಾಧನೆಯ ಹಕ್ಕಿಗೆ ಧಕ್ಕೆಯಾಗುವುದೇ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದಿತು. ಜುಲೈ, ಆಗಸ್ಟ್ ತಿಂಗಳಲ್ಲಿ ಜಿಲ್ಲಾ ನ್ಯಾಯಾಧೀಶರ ಎದುರು ಸೇರಿದ 12 ಸಭೆಗಳೂ ಗಣಿಯನ್ನು ತಿರಸ್ಕರಿಸಿದವು. ಮತ್ತೆ ಸಭೆ ಕರೆಯಬೇಕೆಂಬ ನಿಗಮದ ಕೋರಿಕೆಯನ್ನು ಕೋರ್ಟ್ 2016ರಲ್ಲಿ ಒಪ್ಪಲಿಲ್ಲ.

ತೀರ್ಪಿನ ದೊಡ್ಡ ಗುಣವೆಂದರೆ, ನಂಬಿಕೆಯನ್ನು ಮೌಢ್ಯವೆಂದು ಬದಿಗೆ ತಳ್ಳದೆ ಸಾಕ್ಷ್ಯದ ಸ್ಥಾನದಲ್ಲಿ ಕೂರಿಸಿದ್ದು. ಮರಕ್ಕೂ ಅದಿರಿಗೂ ಬೆಲೆ ಕಟ್ಟುವ ಕಡತದಲ್ಲಿ ದೈವಕ್ಕೆ ಅಂಕಣವಿರುವುದಿಲ್ಲ. ಇಲ್ಲಿ ಅದಕ್ಕೆ ಜಾಗ ಸಿಕ್ಕಿತು. ಆದರೆ ದೋಷವೂ ಅಲ್ಲೇ ಇದೆ. ಗಣಿ ಪ್ರದೇಶ ದೈವದ ಸ್ಥಾನಕ್ಕೆ ತಾಗುತ್ತದೆಯೇ ಎಂದು ಕೇಳಿದಾಗ, ಬೆಟ್ಟವೆಲ್ಲವೂ ನಿಯಮ ರಾಜನದೇ ಎನ್ನುವವರು ದೈವಕ್ಕೆ ಗಡಿ ಗುರುತಿಸಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾರೆ. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಸಭೆಗೆ ಆರಿಸಿದ್ದು 12ನ್ನು ಮಾತ್ರ. ದೈವವಿಲ್ಲದ ಬೆಟ್ಟದ ಕೆಳಗೆ ಬದುಕುವವರು ಯಾವ ವಾದ ಹೂಡಬೇಕು ಎಂಬ ಪ್ರಶ್ನೆಗೂ ಈ ದಾರಿಯಲ್ಲಿ ಉತ್ತರವಿಲ್ಲ.

ನಂಬಿಕೆಯೊಂದೇ ಕಾಡು ಕಾಯದು ಎಂಬುದಕ್ಕೆ ಕೊಡಗಿನ ದೇವರಕಾಡುಗಳೇ ಸಾಕ್ಷಿ. 1905ರಲ್ಲಿ 6,000 ಹೆಕ್ಟೇರಿಗೂ ಮಿಕ್ಕಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಹಬ್ಬ ನಿಲ್ಲಲಿಲ್ಲ, ಭಕ್ತಿ ತಗ್ಗಲಿಲ್ಲ. ಒತ್ತುವರಿ ಮಾತ್ರ ನಡೆದೇ ಇತ್ತು.

ನಿಯಮಗಿರಿಯಲ್ಲಿ ದೈವದ ಮಾತು ಮತ್ತು ನೀರಿನ ಲೆಕ್ಕ ಬೇರೆ ಬೇರೆಯಾಗಿರಲಿಲ್ಲ. ಬಾಕ್ಸೈಟ್ ಪದರ ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲೂ ತೊರೆಗಳಿಗೆ ಬಿಡುತ್ತದೆ ಎಂಬುದು ಗಣಿಯನ್ನು ವಿರೋಧಿಸಿದವರ ಮುಖ್ಯ ವಾದಗಳಲ್ಲೊಂದು. ತೊರೆ, ಹಣ್ಣು, ಬೆಳೆ ಕೊಡುವವನು ನಿಯಮ ರಾಜ ಎಂಬ ಆದಿವಾಸಿಗಳ ಮಾತು ಮುಟ್ಟುವುದೂ ಅದೇ ಬದುಕನ್ನು. ಕೋರ್ಟ್ ಇವುಗಳಲ್ಲಿ ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ಹಿಂದೆ ಸರಿಸಿತು. ನಂಬಿಕೆ ಜನರನ್ನು ಒಗ್ಗೂಡಿಸುತ್ತದೆ. ಆ ನಂಬಿಕೆಯಿಲ್ಲದವರನ್ನೂ ಒಪ್ಪಿಸಲು ವಾದ ಬೇಕು. ಎರಡಕ್ಕೂ ಬಲ ಕೊಡುವುದು ನಿರಾಕರಿಸುವ ಅಧಿಕಾರವುಳ್ಳ ಗ್ರಾಮಸಭೆ. ತೀರ್ಪಿನ ಶಾಶ್ವತ ಕೊಡುಗೆ ಈ ಮೂರನೆಯದು.