ದ್ರಾಕ್ಷಿಯ ಸೂತ್ರ ನೇರಳೆಗೆ ಒಗ್ಗೀತೆ?

ಕೊಡಗಿನ ಮನೆಗಳಲ್ಲಿ ದ್ರಾಕ್ಷಿಯಲ್ಲದೆ ಇತರ ಹಣ್ಣುಗಳಿಂದಲೂ ವೈನ್ ತಯಾರಿಸುವ ರೂಢಿಯಿದೆ. ನೇರಳೆ, ನೆಲ್ಲಿ, ಬಾಳೆ, ಅನಾನಸ್ ವೈನ್‌ಗಳ ಪಾಕವಿಧಾನಗಳನ್ನು ನೀವೂ ಓದಿರಬಹುದು. ಅವುಗಳ ಸಾರಾಂಶ ಹೆಚ್ಚುಕಡಿಮೆ ಹೀಗಿರುತ್ತದೆ: ಒಂದು ಕಿಲೋ ಹಣ್ಣು, ಒಂದು ಕಿಲೋ ಸಕ್ಕರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್. ಭರಣಿಯ ಬಾಯಿ ಬಿಗಿಯಾಗಿ ಮುಚ್ಚಿ, ದಿನಕ್ಕೊಮ್ಮೆ ಕಲಕಿ, 21 ದಿನಗಳ ನಂತರ ಸೋಸಿ ಬಾಟಲಿಗೆ ತುಂಬಬೇಕು. ಹಣ್ಣು ಯಾವುದಾದರೂ ಸೂತ್ರ ಒಂದೇ! ಇದು ಸರಿಯೆ?

ಪಾತ್ರೆ ತೊಳೆದು ಒಣಗಿಸಿ, ನೀರು ಕುದಿಸಿ ಎನ್ನುವ ಸಲಹೆ ಮೆಚ್ಚತಕ್ಕದ್ದೇ. ತೊಡಕಿರುವುದು ಲೆಕ್ಕದಲ್ಲಿ. ವೈನ್ ದ್ರಾಕ್ಷಿಯ ರಸದಲ್ಲಿ ಸಾಮಾನ್ಯವಾಗಿ ಶೇಕಡ 20ಕ್ಕೂ ಹೆಚ್ಚು ಸಕ್ಕರೆ ಇರುತ್ತದೆ, ಹುಳಿಯೂ ಹದವಾಗಿರುತ್ತದೆ. ಬೇರೆ ಬಹುತೇಕ ಹಣ್ಣುಗಳಲ್ಲಿ ಸಕ್ಕರೆ ಕಡಿಮೆ. ಆದ್ದರಿಂದ ಸಕ್ಕರೆ ಸೇರಿಸಬೇಕು ನಿಜ, ಆದರೆ ಎಷ್ಟು? ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ 1ರಷ್ಟು ಆಲ್ಕೊಹಾಲ್ ಆಗುತ್ತದೆ. ಶೇಕಡ 12ಕ್ಕೆ ಸುಮಾರು 200 ಗ್ರಾಂ ಸಾಕು. ಮೇಲಿನ ಸೂತ್ರದಲ್ಲಿ ಅದು 400 ಗ್ರಾಂ ದಾಟುತ್ತದೆ. ಇಷ್ಟು ಗಟ್ಟಿ ದ್ರಾವಣ ಯೀಸ್ಟ್ ಕೋಶಗಳಿಂದ ನೀರನ್ನು ಹೊರಗೆಳೆಯುತ್ತದೆ. ಹುದುಗುವಿಕೆ ಅರ್ಧಕ್ಕೇ ನಿಂತು ಸಿಹಿ ಉಳಿದುಬಿಡಬಹುದು.

ಹುಳಿಯ ಮಾತೇ ಇಲ್ಲ. ನೆಲ್ಲಿ ಬಹಳ ಹುಳಿ, ಬಾಳೆಯಲ್ಲಿ ಹುಳಿ ಕಡಿಮೆ. ಹುಳಿ ಸಾಲದಿದ್ದರೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಇನ್ನು ಗೋಧಿ 'ಮತ್ತು' ಹೆಚ್ಚಿಸುತ್ತದೆ ಎಂಬ ನಂಬಿಕೆಯಿದೆ. ವೈನ್ ಯೀಸ್ಟಿಗೆ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ. ಗೋಧಿಯಿಂದ ಅದಕ್ಕೆ ಒಂದಿಷ್ಟು ಪೋಷಕಾಂಶ ಸಿಕ್ಕೀತು, ಅಷ್ಟೆ.

ಎಲ್ಲಕ್ಕಿಂತ ಅಪಾಯಕರವಾದುದು ಬಿಗಿ ಮುಚ್ಚಳ. 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಎಥನಾಲ್, 88 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತವೆ. ಕೊಠಡಿಯ ಉಷ್ಣತೆಯಲ್ಲಿ ಈ ಅನಿಲದ ಗಾತ್ರ ಸುಮಾರು 48 ಲೀಟರ್! ದಿನವೂ ಕಲಕಲು ಮುಚ್ಚಳ ತೆಗೆಯುವುದರಿಂದಲೇ ಭರಣಿ ಉಳಿಯುತ್ತದೆ. ಆದರೆ ಸಕ್ಕರೆ ಉಳಿದಿರುವಾಗಲೇ ಬಾಟಲಿಗೆ ಬಿರಡೆ ಹಾಕಿದರೆ, ಯೀಸ್ಟ್ ಮತ್ತೆ ಚುರುಕಾಗಿ ಗಾಜು ಸಿಡಿಯಬಹುದು. 21 ದಿನ ಕಳೆದ ಮಾತ್ರಕ್ಕೆ ಹುದುಗುವಿಕೆ ಮುಗಿಯಿತೆನ್ನುವಂತಿಲ್ಲ. ಅದನ್ನು ಹೇಳಬೇಕಾದುದು ಹೈಡ್ರೋಮೀಟರ್, ಕ್ಯಾಲೆಂಡರ್ ಅಲ್ಲ.

ಕರ್ನಾಟಕ ಅಬಕಾರಿ ಕಾಯಿದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದನ್ನೂ ಇಂಥ ಬರಹಗಳು ತಿಳಿಸಬೇಕು. ಶಿಕ್ಷಕರೇ, ತರಗತಿಗೆ ವೈನ್ ಬೇಕಿಲ್ಲ. ಸಕ್ಕರೆ ನೀರಿಗೆ ಯೀಸ್ಟ್ ಹಾಕಿ, ಹೊರಬರುವ ಅನಿಲವನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಹಾಯಿಸಿ. ನೀರು ಬಿಳಿಯಾಗುವುದನ್ನು ಕಂಡ ವಿದ್ಯಾರ್ಥಿ, ಆ ಮುಚ್ಚಳವನ್ನು ಏಕೆ ಬಿಗಿಯಬಾರದೆಂದು ತಾನೇ ಹೇಳುತ್ತಾನೆ.