ಗಡಿ, ಗಡುವು ಮತ್ತು ಅನಿಶ್ಚಯ

ಕೋವಿಡ್ ಪಿಡುಗಿನ ಕಾಲದಲ್ಲಿ ಸರಕಾರಗಳು ವಿಧಿಸಿದ ನಿರ್ಬಂಧಗಳು ಆರ್ಥಿಕ ಅನಿಶ್ಚಯವನ್ನು ಎಷ್ಟರಮಟ್ಟಿಗೆ ಹೆಚ್ಚಿಸಿದವು ಎಂಬುದನ್ನು ದೇಶದೇಶಗಳ ನಡುವೆ ಹೋಲಿಸಲು ಬಳಕೆಯಲ್ಲಿರುವ ಅಳತೆಗಳಲ್ಲಿ ಎರಡು ಪ್ರಸಿದ್ಧವಾದವು. ಮೊದಲನೆಯದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಠಿಣತಾ ಸೂಚ್ಯಂಕ. ಶಾಲೆ, ಕಚೇರಿ, ಸಾರಿಗೆ, ಸಭೆ-ಸಮಾರಂಭ ಮುಂತಾದ 9 ಅಂಶಗಳನ್ನು ಗಮನಿಸಿ ಅದು ಪ್ರತಿ ದೇಶಕ್ಕೂ ಸೊನ್ನೆಯಿಂದ 100ರವರೆಗೆ ಅಂಕ ಕೊಟ್ಟಿತು. ಎರಡನೆಯದು ಅಹಿರ್, ಬ್ಲೂಮ್ ಮತ್ತು ಫರ್ಚೆರಿ ರೂಪಿಸಿದ ವಿಶ್ವ ಅನಿಶ್ಚಯ ಸೂಚ್ಯಂಕ. ಇಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಸಂಸ್ಥೆಯ ದೇಶವಾರು ವರದಿಗಳಲ್ಲಿ ‘ಅನಿಶ್ಚಯ’ ಎಂಬ ಪದ ಎಷ್ಟು ಸಲ ಬಂದಿದೆ ಎಂಬ ಎಣಿಕೆಯೇ ಅದರ ಆಧಾರ. 2020ರ ಮೊದಲ ತ್ರೈಮಾಸಿಕದಲ್ಲಿ ಅದು ಅಂದಿನವರೆಗಿನ ಅತ್ಯುನ್ನತ ಮಟ್ಟವನ್ನು ಮುಟ್ಟಿತು.

ಈ ವಿದ್ವಾಂಸರ ಶ್ರಮ ಗೌರವಾರ್ಹವಾದುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಅನಿಶ್ಚಯವನ್ನು ಹುಟ್ಟಿಸುವುದು ನಿರ್ಬಂಧದ ಬಿಗಿಯೋ, ಅದರ ಅಸ್ಥಿರತೆಯೋ?

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಿತವಾದ ಲಾಕ್‌ಡೌನ್ ಅಂದೇ ಮಧ್ಯರಾತ್ರಿ ಜಾರಿಗೆ ಬಂದಿತು. ಆಗ ಬೀದರ ಸೀಮೆಯಲ್ಲಿ ಹಿಂಗಾರಿನ ಕಡಲೆ ಕೈಗೆ ಬರುವ ಕಾಲ. ಕೃಷಿ ಮಾರುಕಟ್ಟೆ ಮತ್ತು ಹೊಲದ ಕೆಲಸಗಳಿಗೆ ವಿನಾಯಿತಿ ಕೊಟ್ಟ ಕೇಂದ್ರದ ತಿದ್ದುಪಡಿ ಹೊರಟದ್ದು ಮಾರ್ಚ್ 27ಕ್ಕೆ. ಆ ದಿನಗಳಲ್ಲಿ ಭಾರತಕ್ಕೆ ಸೂಚ್ಯಂಕದಲ್ಲಿ ಪೂರ್ಣ 100 ಅಂಕಗಳಿದ್ದವು. ಗಂಜ್ ತೆರೆಯುವುದೋ ಇಲ್ಲವೋ ಎಂಬ ತಳಮಳಕ್ಕೆ ಆ ಅಂಕದಲ್ಲಿ ಸ್ಥಳವಿರಲಿಲ್ಲ.

ಭಾಲ್ಕಿ ಮತ್ತು ಔರಾದ ತಾಲೂಕುಗಳಿಗೆ ಮಹಾರಾಷ್ಟ್ರ ನೆರೆ; ಔರಾದಕ್ಕೆ ತೆಲಂಗಾಣವೂ ಹತ್ತಿರ. ಉದಗೀರ, ದೇಗಲೂರುಗಳೊಡನೆ ಇಲ್ಲಿಯವರಿಗೆ ವ್ಯವಹಾರವೂ ಉಂಟು, ನೆಂಟಸ್ತಿಕೆಯೂ ಉಂಟು. 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರನ್ನು ಕರ್ನಾಟಕ ತಡೆಯಿತು. 2021ರ ಫೆಬ್ರವರಿಯಲ್ಲಿ ಪರೀಕ್ಷಾ ಪ್ರಮಾಣಪತ್ರ ಕೇಳಿತು. ಪ್ರದೇಶಕ್ಕೊಂದು ನಿಯಮವಿದ್ದಾಗ ಅತ್ಯಂತ ಕಠಿಣವಾದುದನ್ನೇ ದೇಶದ ನಿಯಮವೆಂದು ದಾಖಲಿಸುವ ಸೂಚ್ಯಂಕಕ್ಕೆ ಗಡಿನಾಡಿನ ಈ ಪಾಡು ಕಾಣುವುದಾದರೂ ಹೇಗೆ? 2021ರ ಏಪ್ರಿಲ್ 27ರಂದು 14 ದಿನಗಳಿಗೆಂದು ಆರಂಭವಾದ ರಾಜ್ಯದ ನಿರ್ಬಂಧ, ಆ ಅವಧಿ ಮುಗಿಯುವ ಮೊದಲೇ ಮೇ 10ರಿಂದ ಇನ್ನಷ್ಟು ಬಿಗಿಯಾಗಿ, ಮೇ 24, ಜೂನ್ 7, ಜೂನ್ 14 ಎಂದು ಮುಂದುವರಿಯಿತು.

ಶ್ರಾವಕರಿಗೆ ನಿರ್ಬಂಧ ಹೊಸದಲ್ಲ. ದಿಗ್ವ್ರತದಲ್ಲಿ ಸಂಚಾರದ ದಿಕ್ಕುಗಳಿಗೆ ಜೀವನಪರ್ಯಂತ ಮಿತಿಯನ್ನು ಹಾಕಿಕೊಳ್ಳುತ್ತೇವೆ; ದೇಶವ್ರತದಲ್ಲಿ ನಿಯತ ಕಾಲದವರೆಗೆ ಅದನ್ನು ಇನ್ನೂ ಕಿರಿದುಗೊಳಿಸುತ್ತೇವೆ. ಕ್ಷೇತ್ರವೃದ್ಧಿ, ಅಂದರೆ ಅನುಕೂಲಕ್ಕೆ ತಕ್ಕಂತೆ ಮಿತಿಯನ್ನು ಹಿಗ್ಗಿಸುವುದು, ಮತ್ತು ಸ್ಮೃತ್ಯಂತರಾಧಾನ, ಅಂದರೆ ಹಾಕಿಕೊಂಡ ಮಿತಿಯನ್ನೇ ಮರೆಯುವುದು, ಇವೆರಡನ್ನೂ ತತ್ತ್ವಾರ್ಥಸೂತ್ರವು ದಿಗ್ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮಿತಿ ಕಿರಿದಾಗಿದ್ದರೆ ಸಾಲದು, ಸ್ಥಿರವಾಗಿಯೂ ಇರಬೇಕೆಂಬುದೇ ಇದರ ತಾತ್ಪರ್ಯ.

ವ್ರತವನ್ನೂ ರಾಜಾಜ್ಞೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬ ಆಕ್ಷೇಪ ನ್ಯಾಯವಾದುದೇ. ರೋಗದ ಗತಿ ಯಾರಿಗೂ ತಿಳಿದಿರಲಿಲ್ಲ. ಜೀವರಕ್ಷಣೆಗಾಗಿ ಗಡುವನ್ನು ಬದಲಿಸುವುದು ಕೆಲವೊಮ್ಮೆ ಅನಿವಾರ್ಯವಾಗಿತ್ತು. ಅಹಿಂಸೆಯನ್ನು ನಂಬಿದವರು ಅದನ್ನು ದೂಷಿಸಲಾರರು. ಆದರೆ ವ್ರತವು ತನಗೆ ತಾನೇ ವಿಧಿಸಿಕೊಂಡದ್ದು, ಆಜ್ಞೆಯು ಅನ್ಯರ ಮೇಲೆ ಬೀಳುವಂಥದು. ಆದ್ದರಿಂದಲೇ ಆಜ್ಞಾಪಿಸುವವನಿಗೆ ಮುನ್ಸೂಚನೆ ಕೊಡುವ, ವಿನಾಯಿತಿಗಳನ್ನು ಮೊದಲೇ ಸ್ಪಷ್ಟಪಡಿಸುವ ಹೊಣೆ ಅಧಿಕ. ದೇಶಗಳನ್ನು ಹೋಲಿಸುವವರು ಈ ಹೊಣೆ ಎಷ್ಟು ನಿರ್ವಹಿಸಲ್ಪಟ್ಟಿತು ಎಂಬುದನ್ನೂ ಅಳೆಯಬೇಕು.

ಇದೇ ಮಾನದಂಡ ನಮಗೂ ಸಲ್ಲುತ್ತದೆ. ಅಂಗಡಿಯ ಬಾಗಿಲು ಮುಚ್ಚಿದಾಗ ವರ್ತಕನಿಗೆ ದಾಸ್ತಾನಿತ್ತು, ಸಾಲ ಹುಟ್ಟುವ ಪತ್ತಿತ್ತು. ದಿನಗೂಲಿಯ ಹಮಾಲನಿಗೆ ನಾಳಿನ ಊಟವೇ ಅನಿಶ್ಚಿತವಾಗಿತ್ತು. ಅವನ ಅನಿಶ್ಚಯ ಯಾವ ಸಂಸ್ಥೆಯ ವರದಿಯ ಪದಗಣನೆಗೂ ಸಿಕ್ಕುವುದಿಲ್ಲ. ಸರಕಾರದ ಆಜ್ಞೆಯಿಂದ ನಮಗೊದಗಿದ ಅಸ್ಥಿರತೆಯಲ್ಲಿ ಎಷ್ಟು ಪಾಲನ್ನು ಅವನ ಹೆಗಲಿಗೆ ದಾಟಿಸಿದೆವು ಎಂಬ ಲೆಕ್ಕವನ್ನು ನಮ್ಮ ಪ್ರತಿಕ್ರಮಣದಲ್ಲಿ ನಾವೇ ತೆಗೆಯಬೇಕು.